ಜಾಥಾ ಬಿಟ್ಟು ಜಾಡಿ ಹಿಡಿದೆವು

ಆರೋಗ್ಯದ ದಿನಾಚರಣೆಗಳಿಗೆ ನಮ್ಮ ಶಾಲೆಗಳಲ್ಲಿ ಬರವಿಲ್ಲ. ಫೆಬ್ರವರಿ 10ಕ್ಕೆ ಜಂತುಹುಳ ನಿವಾರಣಾ ದಿನ, ಮಾರ್ಚ್ 24ಕ್ಕೆ ಕ್ಷಯರೋಗ ದಿನ, ಅಕ್ಟೋಬರ್ 10ಕ್ಕೆ ಮಾನಸಿಕ ಆರೋಗ್ಯ ದಿನ, ಡಿಸೆಂಬರ್ 1ಕ್ಕೆ ಏಡ್ಸ್ ದಿನ. ಒಂದೊಂದಕ್ಕೂ ಒಂದು ಬ್ಯಾನರ್, ಒಂದು ಪ್ರತಿಜ್ಞೆ, ಒಂದು ಜಾಥಾ, ವಾಟ್ಸಾಪಿಗೆ ಹಾಕಲು ನಾಲ್ಕು ಫೋಟೊ. ಮಕ್ಕಳು ಗೇಟಿನಿಂದ ಬಸ್‌ಸ್ಟ್ಯಾಂಡ್ ತನಕ ಘೋಷಣೆ ಕೂಗಿ ವಾಪಸ್ ಬರುತ್ತಾರೆ. ಬಂದ ಮೇಲೆ ‘ಇವತ್ತು ಯಾವ ದಿನ?’ ಅಂತ ಕೇಳಿ ನೋಡಿ. ‘ಕ್ಲಾಸಿಲ್ಲದ ದಿನ ಟೀಚರ್’ ಅನ್ನುತ್ತಾರೆ.

ನಾನು ಉಡುಪಿ ಹತ್ತಿರದ ಒಂದು ಸರಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಲ್ಪೆ ಕಡೆಯ ಮೀನುಗಾರರ ಮಕ್ಕಳು, ಊರಿನ ತುಳು ಮನೆಗಳ ಮಕ್ಕಳು, ಬಾಗಲಕೋಟೆ, ಕೊಪ್ಪಳ, ಗದಗದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಎಲ್ಲ ಒಂದೇ ಬೆಂಚಿನಲ್ಲಿ. ಶಾಲೆಯ ಆರೋಗ್ಯ ಸಂಘದ ಜವಾಬ್ದಾರಿ ನನ್ನ ತಲೆಗೆ ಬಂದಾಗ ಜಾಥಾವನ್ನು ಪೂರ್ತಿ ಬಿಡಲು ಆಗಲಿಲ್ಲ, ಮೇಲಿನಿಂದ ಆದೇಶ ಬರುತ್ತದಲ್ಲ. ಆದರೆ ಸಂಘದ ಅಸಲಿ ಕೆಲಸವನ್ನು ಬೇರೆ ಕಡೆಯಿಂದ ಶುರುಮಾಡಿದೆವು. ಮಕ್ಕಳಿಗೆ ಏನು ಹೇಳಬೇಕು ಅಂತ ನಾವು ಯೋಚಿಸುವ ಮೊದಲು, ಅವರಿಗೆ ಏನು ಬೇಕಾಗಿದೆ ಅಂತ ಕೇಳೋಣ ಅಂತ.

ಬಿಸ್ಕೆಟಿನ ತಗಡಿನ ಡಬ್ಬಕ್ಕೆ ಮೇಲೆ ಸೀಳು ಮಾಡಿ ಪ್ರಶ್ನೆ ಡಬ್ಬ ಮಾಡಿದೆವು. ಇಟ್ಟದ್ದು ಲೈಬ್ರರಿಯ ಮೂಲೆಯಲ್ಲಿ. ಸ್ಟಾಫ್ ರೂಮಿನ ಎದುರು ಇಟ್ಟರೆ ಯಾರೂ ಚೀಟಿ ಹಾಕುವುದಿಲ್ಲ. ಹೆಸರು ಬರೆಯುವ ಹಾಗಿಲ್ಲ, ಕೈಬರಹ ಗೊತ್ತಾಗುತ್ತದೆ ಅನ್ನುವವರು ಎಡಗೈಯಲ್ಲಿ ಬರೆಯಬಹುದು. ಬಂದ ಚೀಟಿಗಳಲ್ಲಿ ಕೆಲವು ಹೀಗಿದ್ದವು: ‘ನಿಪಾ ಬಂದರೆ ಪೇರಳೆ ಹಣ್ಣು ತಿನ್ನಬಾರದಾ?’ ‘ಮೊಡವೆಗೆ ಟೂತ್‌ಪೇಸ್ಟ್ ಹಚ್ಚಬಹುದಾ?’ ‘ಅಪ್ಪ ಕುಡಿದರೆ ನನಗೂ ಆ ಚಟ ಬರುತ್ತದಾ?’ ‘ನೀಲಿ ಮಾತ್ರೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದಾ?’

ಜಗತ್ತಿನ ಆರೋಗ್ಯ, ಹದಿಹರೆಯದ ಆರೋಗ್ಯ ಎರಡೂ ಈ ಡಬ್ಬದಲ್ಲೇ ಇತ್ತು ನೋಡಿ. ನಿಪಾ ಪ್ರಶ್ನೆಯನ್ನು ಮೊದಲು ಎತ್ತಿಕೊಂಡೆವು, ಯಾಕೆಂದರೆ ಅದು ಸುಲಭ. ನಿಪಾ ಬಾವಲಿಗಳಿಂದ ಹರಡುವ ಒಂದು ವೈರಸ್, ಹೆಸರು ಮಲೇಶಿಯಾದ ಒಂದು ಹಳ್ಳಿಯದು. 1998-99ರಲ್ಲಿ ಅಲ್ಲಿ ಹಂದಿ ಸಾಕುವವರಲ್ಲಿ ಈ ಕಾಯಿಲೆ ಕಾಣಿಸಿತು. 2018ರಲ್ಲಿ ಕೋಝಿಕ್ಕೋಡ್ ಕಡೆ ಬಂದಾಗ ಮಾದರಿ ಪರೀಕ್ಷಿಸಿ ಮೊದಲು ಪತ್ತೆಹಚ್ಚಿದ್ದು ನಮ್ಮ ಮಣಿಪಾಲದ ವೈರಸ್ ಲ್ಯಾಬ್. ‘ಮಣಿಪಾಲವಾ? ಅಜ್ಜಿಯ ಕಣ್ಣಿನ ಆಪರೇಶನ್ ಆದದ್ದು ಅಲ್ಲೇ’ ಅಂದಳು ಒಬ್ಬಳು. ಮಲೇಶಿಯಾ ಒಮ್ಮೆಲೇ ಹತ್ತಿರ ಬಂತು. ಬಾವಲಿ ಕಚ್ಚಿದ ಹಣ್ಣು ಬೇಡ, ಉಳಿದದ್ದು ತೊಳೆದು ತಿನ್ನಿ, ಪೇರಳೆ ಮರ ಕಡಿಯಬೇಡಿ ಅಂತ ಮಕ್ಕಳೇ ಬರೆದು ಬೋರ್ಡಿಗೆ ಅಂಟಿಸಿದರು.

ನೀಲಿ ಮಾತ್ರೆ ಅಷ್ಟು ಸುಲಭ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 10ರಿಂದ 19 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಬಣ್ಣ ನೀಲಿ. ಕೊಡುವುದಕ್ಕೆ ಕಾರಣವೂ ಗಟ್ಟಿಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಹುಡುಗರಲ್ಲೂ ಶೇ. 31. ರಿಜಿಸ್ಟರಿನಲ್ಲಿ ನಮ್ಮ ಮಕ್ಕಳೆಲ್ಲ ಮಾತ್ರೆ ನುಂಗಿದವರೇ.

ಸಂಘದ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ದಿನ ‘ಟೀಚರ್, ಒಮ್ಮೆ ಬನ್ನಿ’ ಅಂತ ಕರೆದುಕೊಂಡು ಹೋದಳು. ಶೌಚಾಲಯದ ಹಿಂದೆ ಕೆಂಪು ಮುರಕಲ್ಲಿನ ಕಾಂಪೌಂಡ್. ಮಳೆಗೆ ಪಾಚಿ ಹಿಡಿದಿತ್ತು. ಮುರಕಲ್ಲಿನಲ್ಲಿ ತೂತುಗಳಿರುತ್ತವಲ್ಲ, ಅವುಗಳೊಳಗೆ ಮಾತ್ರೆ ತುರುಕಿದ್ದರು. ಕೆಲವು ಹೊಸದು, ಹೊಳೆಯುತ್ತಿತ್ತು. ಹಳೆಯದರ ನೀಲಿ ಕರಗಿ ಕಲ್ಲಿನ ಮೇಲೆ ಗೆರೆಗೆರೆಯಾಗಿ ಇಳಿದಿತ್ತು, ಒಳಗಿನ ಪುಡಿ ಮಾತ್ರ ಅಂಟಿಕೊಂಡಿತ್ತು. ಅವಳು ತೋರಿಸಿದ್ದು ಚಾಡಿ ಹೇಳುವುದಕ್ಕಲ್ಲ. ‘ನಾನೂ ಇಲ್ಲೇ ಹಾಕ್ತಿದ್ದದ್ದು’ ಅಂದಳು.

ಅಸೆಂಬ್ಲಿಯಲ್ಲಿ ಬೈಯುವುದು ಬೇಡ ಅಂತ ಹೆಡ್‌ಮೇಷ್ಟ್ರಿಗೆ ಹೇಳಿ ಒಪ್ಪಿಸಿದೆ. ಯಾಕೆ ನುಂಗುತ್ತಿಲ್ಲ ಅಂತ ಸಂಘದ ಮಕ್ಕಳೇ ತಮ್ಮ ತಮ್ಮ ಕ್ಲಾಸಿನವರನ್ನು ಕೇಳಿ ಬರೆದುಕೊಂಡು ಬಂದರು. ಟೀಚರ್ ಕೇಳಿದರೆ ‘ನುಂಗಿದ್ದೇನೆ’ ಅನ್ನುವವರು ಗೆಳತಿ ಕೇಳಿದರೆ ನಿಜ ಹೇಳುತ್ತಾರೆ. ಅರ್ಧಕ್ಕರ್ಧ ಮಕ್ಕಳು ಬೆಳಿಗ್ಗೆ ಚಾ ಕುಡಿದು ಬರುವವರು, ಖಾಲಿ ಹೊಟ್ಟೆಗೆ ಮಾತ್ರೆ ಬಿದ್ದರೆ ಹೊಟ್ಟೆ ತೊಳಸುತ್ತದೆ. ಇನ್ನು ಕೆಲವರಿಗೆ ಮಲ ಕಪ್ಪಾದದ್ದು ನೋಡಿ ಹೆದರಿಕೆ, ಮನೆಯಲ್ಲಿ ಹೇಳಲು ನಾಚಿಕೆ. ಮಕ್ಕಳಾಗುವುದಿಲ್ಲ ಅನ್ನುವ ಗಾಳಿಸುದ್ದಿ ಹುಡುಗಿಯರಿಗಿಂತ ಅವರ ಅಮ್ಮಂದಿರಲ್ಲಿ ಜಾಸ್ತಿ.

ಮಾತ್ರೆ ಕೊಡುವ ಸಮಯವನ್ನು ಬಿಸಿಯೂಟದ ನಂತರಕ್ಕೆ ಹಾಕಿದೆವು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆಮೇಲೆ ಮಕ್ಕಳು ಅರ್ಧ ಪುಟದ ಒಂದು ಹಾಳೆ ಬರೆದರು. ಅದರಲ್ಲಿ ‘ಕಬ್ಬಿಣಾಂಶ ದೇಹಕ್ಕೆ ಒಳ್ಳೆಯದು’ ಅನ್ನುವ ಸಾಲೇ ಇರಲಿಲ್ಲ, ನಾನೇ ಹೊಡೆದುಹಾಕಿಸಿದೆ. ಮೊದಲ ಸಾಲು: ‘ಈ ಮಾತ್ರೆ ನುಂಗಿದರೆ ನಾಳೆ ಕಕ್ಕಸು ಕಪ್ಪಗೆ ಹೋಗುತ್ತದೆ. ಹೆದರಬೇಡಿ, ಉಳಿದ ಕಬ್ಬಿಣ ಹೊರಗೆ ಹೋಗುವುದು ಹಾಗೆ.’ ಎರಡನೆಯದು: ‘ಊಟ ಮಾಡದೆ ನುಂಗಬೇಡಿ.’ ಮೂರನೆಯದು: ‘ಇದು ಗರ್ಭ ತಡೆಯುವ ಮಾತ್ರೆ ಅಲ್ಲ. ಇದೇ ಕಬ್ಬಿಣದ ಮಾತ್ರೆಯನ್ನು ಬಸುರಿಯರಿಗೂ ಕೊಡುತ್ತಾರೆ, ಅಂಗನವಾಡಿಯಲ್ಲಿ ಕೇಳಿ ನೋಡಿ.’ ಈ ಮೂರನೆಯ ಸಾಲು ಬರೆದದ್ದು ಆಶಾ ಕಾರ್ಯಕರ್ತೆಯೊಬ್ಬರ ಮಗಳು. ಅಮ್ಮಂದಿರ ಬಾಯಿ ಮುಚ್ಚಿಸಿದ್ದು ಅದೇ. ಒಳ್ಳೆಯದು ಒಳ್ಳೆಯದು ಅಂತ ಹತ್ತು ಸಲ ಹೇಳುವ ಬದಲು ಏನೇನು ತೊಂದರೆ ಆಗಬಹುದು ಅಂತ ಮೊದಲೇ ಹೇಳಿದರೆ ಮಕ್ಕಳು ನಂಬುತ್ತಾರೆ. ಈ ಒಂದು ವಿಷಯದಲ್ಲಿ ನನಗೆ ಯಾವ ಸಂಶಯವೂ ಉಳಿದಿಲ್ಲ.

ಊಟದ ವಿಷಯವನ್ನೂ ಹಾಳೆಯ ಹಿಂದೆ ಬರೆದರು. ಪುಸ್ತಕದಲ್ಲಿರುವ ಸೇಬು, ದಾಳಿಂಬೆ ಅಲ್ಲ. ಮರುವಾಯಿ ಅಂದರೆ ಕಪ್ಪೆಚಿಪ್ಪಿನ ಮಾಂಸ, ಹರಿವೆ ಸೊಪ್ಪು, ನುಗ್ಗೆ ಸೊಪ್ಪು. ಮರುವಾಯಿಯಲ್ಲಿ ಕಬ್ಬಿಣಾಂಶ ಎಷ್ಟಿದೆ ಅಂತ ಗೊತ್ತಾದಾಗ ಮಲ್ಪೆಯ ಹುಡುಗರ ಮುಖ ನೋಡಬೇಕಿತ್ತು. ಸೊಪ್ಪಿನ ಜೊತೆ ಲಿಂಬೆಯೋ ನೆಲ್ಲಿಕಾಯಿಯೋ ಪೇರಳೆಯೋ ಇದ್ದರೆ ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ, ಊಟದ ಬೆನ್ನಿಗೇ ಚಾ ಕುಡಿದರೆ ಹಿಡಿಯುವುದಿಲ್ಲ. ಚಾದ ಮಾತು ಸ್ಟಾಫ್ ರೂಮಿನಲ್ಲಿ ಯಾರಿಗೂ ಹಿಡಿಸಲಿಲ್ಲ!

ಇನ್ನು ಸೊಳ್ಳೆ. ನಮ್ಮ ಕರಾವಳಿಯಲ್ಲಿ ಇದನ್ನು ಬಿಟ್ಟು ಆರೋಗ್ಯದ ಮಾತಾಡಲು ಆಗುತ್ತದಾ? ಮಂಗಳೂರಿನ ಮಲೇರಿಯಾ ರಾಜ್ಯಕ್ಕೇ ಗೊತ್ತಿರುವ ಸಂಗತಿ. ಕಟ್ಟಡಗಳಲ್ಲಿ ಕಾಂಕ್ರೀಟ್ ಗಟ್ಟಿಯಾಗಲು ನಿಲ್ಲಿಸುವ ಕ್ಯೂರಿಂಗ್ ನೀರು, ಮುಚ್ಚಳ ಇಲ್ಲದ ಟ್ಯಾಂಕಿ, ಇವೇ ಅದರ ತವರು. ಡೆಂಗಿಯ ಸೊಳ್ಳೆಗೆ ಅಷ್ಟೂ ಬೇಡ. ಅಡಿಕೆ ಹಾಳೆಯ ಮಡಿಕೆ, ತೆಂಗಿನ ಗೆರಟೆ, ರಬ್ಬರ್ ಹಾಲಿನ ಕಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ ಸಾಕು.

ಇದನ್ನೆಲ್ಲ ಚಾರ್ಟಿನಲ್ಲಿ ಬರೆಸುವ ಬದಲು ಹುಳ ಹಿಡಿದು ತನ್ನಿ ಅಂದೆ. ಗ್ಯಾರೇಜಿನ ಹಿಂದೆ ಬಿದ್ದಿದ್ದ ಟಯರಿನಿಂದ ಹುಡುಗರು ಹಾರ್ಲಿಕ್ಸ್ ಜಾಡಿಯಲ್ಲಿ ನೀರು ತುಂಬಿಸಿಕೊಂಡು ಬಂದರು. ಬಾಯಿಗೆ ಹಳೆಯ ಬೈರಾಸಿನ ತುಂಡು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಕ್ಲಾಸಿನ ಕಿಟಕಿಯಲ್ಲಿಟ್ಟೆವು. ಲಾರ್ವಾಗಳು ತಲೆ ಕೆಳಗೆ ಮಾಡಿ, ಬಾಲದ ನಳಿಕೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ಓರೆಯಾಗಿ ನೇತಾಡುತ್ತಿದ್ದವು. ಜಾಡಿಗೆ ಬೆರಳು ತಾಗಿಸಿದರೆ ಎಲ್ಲ ಒಟ್ಟಿಗೆ ಒದ್ದಾಡುತ್ತ ಅಡಿಗೆ ಇಳಿಯುತ್ತವೆ, ಉಸಿರು ಕಟ್ಟಿದಾಗ ಮತ್ತೆ ಮೇಲೆ. ಮಲೇರಿಯಾದ ಸೊಳ್ಳೆಯ ಮರಿಯಾದರೆ ಹೀಗೆ ನೇತಾಡುವುದಿಲ್ಲ, ನೀರಿನ ಮೇಲೆ ಅಡ್ಡ ಮಲಗುತ್ತದೆ. ಬರಿಗಣ್ಣಿಗೇ ಕಾಣುತ್ತದೆ. ಕೆಲವೇ ದಿನಗಳಲ್ಲಿ ಅಲ್ಪವಿರಾಮದ ಚಿಹ್ನೆಯ ಹಾಗೆ ಬಾಗಿದ ಕೋಶಗಳಾದವು. ಒಂದು ಬೆಳಿಗ್ಗೆ ಬಟ್ಟೆಯ ಒಳಮೈಯಲ್ಲಿ ಸೊಳ್ಳೆ ಕೂತಿತ್ತು, ಕಪ್ಪು ಕಾಲಿಗೆ ಬಿಳಿ ಪಟ್ಟಿ. ‘ಇದು ಡೆಂಗಿ ನುಸಿ!’ ಅಂತ ಇಡೀ ಕ್ಲಾಸು ಕಿಟಕಿಗೆ ಮುಗಿಬಿತ್ತು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಬೇಕು ಅನ್ನುವುದನ್ನು ನಾನು ಹೇಳಬೇಕಾಗಲಿಲ್ಲ.

ನೀವೂ ಮಾಡುವುದಾದರೆ ಬಟ್ಟೆ ಭದ್ರ ಕಟ್ಟಿ. ಮುಗಿದ ಮೇಲೆ ಜಾಡಿಯನ್ನು ಕಟ್ಟಿದ ಹಾಗೆಯೇ ಸುಡುಬಿಸಿಲಿನಲ್ಲಿಡಿ. ಆಮೇಲೆ ನೀರನ್ನು ಒಣ ಮಣ್ಣಿಗೆ ಚೆಲ್ಲಿ. ಚರಂಡಿಗೆ ಸುರಿದರೆ ಮಾಡಿದ್ದೆಲ್ಲ ಉಲ್ಟಾ.

ಜಾಡಿ ನೋಡಿದ ಮೇಲೆ ಮಕ್ಕಳ ಕಣ್ಣು ಬೇರೆಯೇ ಆಯಿತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಧಕ್ಕೆಯಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಂದಕ್ಕೊಂದು ಉಜ್ಜದಿರಲಿ ಅಂತ ಬದಿಗೆ ಟಯರು ಕಟ್ಟಿರುತ್ತಾರೆ. ‘ಟೀಚರ್, ಸಮುದ್ರದ ನೀರು ಉಪ್ಪು, ಆದರೆ ಟಯರಿನೊಳಗೆ ಇರುವುದು ಮಳೆ ನೀರಲ್ವಾ?’ ಅಂತ ಕೇಳಿದ ಒಬ್ಬ ಹುಡುಗ. ಅಪ್ಪನಿಗೂ ಅದನ್ನೇ ಹೇಳಿದ. ಅಪ್ಪ ಟಯರಿನ ಅಡಿಗೆ ತೂತು ಕೊರೆದರು. ಕೊಪ್ಪಳದ ಹುಡುಗಿಯೊಬ್ಬಳು ತಾವಿರುವ ಕಟ್ಟಡದ ಡ್ರಮ್ಮುಗಳಿಗೆ ಬಲೆ ಕಟ್ಟಿಸಿದಳು. ‘ಮೇಸ್ತ್ರಿ ಮೊದ್ಲ ನಕ್ರು ಟೀಚರ್, ಬಾಟ್ಲಿಯೊಳಗ ಹುಳ ತೋರ್ಸಿದ್ಮ್ಯಾಲ ಸುಮ್ನಾದ್ರು’ ಅಂದಳು.

ಅದೇ ಹೊತ್ತಿಗೆ ಗೋಡೆಯ ಮೇಲೆ ಜಗತ್ತಿನ ಭೂಪಟ ಹಾಕಿದೆವು. ಮಲೇರಿಯಾ ಇರುವ ದೇಶಕ್ಕೆ ಕೆಂಪು ಬಿಂದಿ, ಮುಕ್ತವಾದ ದೇಶಕ್ಕೆ ಹಸಿರು. ಶ್ರೀಲಂಕಾಕ್ಕೆ ಹಸಿರು ಅಂಟಿಸುವಾಗ ಮಕ್ಕಳಿಗೆ ಆಶ್ಚರ್ಯ. 2016ರಲ್ಲೇ ಆ ದೇಶ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತ್ತು. ಇನ್ನೂ ಹಿಂದೆ ಹೋದರೆ 1963ರಲ್ಲಿ ಇಡೀ ದೇಶದಲ್ಲಿ ಬರೀ 17 ಪ್ರಕರಣ ಇತ್ತು. ಮುಗಿಯಿತು ಅಂತ ಕೈಬಿಟ್ಟರು, ಆ ದಶಕ ಮುಗಿಯುವುದರೊಳಗೆ ಲಕ್ಷಗಟ್ಟಲೆ ಆಯಿತು. ಬಂದರಿನ ಮಕ್ಕಳಿಗೆ ಈ ಕಥೆ ಚೆನ್ನಾಗಿ ನಾಟಿತು, ಯಾಕೆಂದರೆ ಅವರ ಕಣ್ಣಿಗೆ ಶ್ರೀಲಂಕಾ ಅಂದರೆ ಇಲ್ಲೇ ಕೆಳಗೆ.

ವಾರ್ಷಿಕೋತ್ಸವಕ್ಕೆ ಯಕ್ಷಗಾನ ಬೇಡ ಅಂದರೆ ಉಡುಪಿಯಲ್ಲಿ ಕೇಳುವವರು ಯಾರು? ಒಂದು ಸಣ್ಣ ಪ್ರಸಂಗ ಕಟ್ಟಿದರು, ಸೊಳ್ಳೆಯೇ ರಾಕ್ಷಸ, ಬಣ್ಣದ ವೇಷ. ಚೆಂಡೆಯ ಅಬ್ಬರಕ್ಕೆ ಪೋಷಕರು ಚಪ್ಪಾಳೆ ತಟ್ಟಿದರು, ಆದರೆ ರಾಕ್ಷಸನ ಉದ್ದುದ್ದ ಮಾತು ಯಾರ ತಲೆಗೂ ಹೋಗಲಿಲ್ಲ. ನೆನಪಲ್ಲಿ ಉಳಿದದ್ದು ಹಾಸ್ಯಗಾರನ ಒಂದು ಮಾತು. ರಾತ್ರಿ ಪರದೆಯೊಳಗೆ ಮಲಗುತ್ತೇನೆ, ನನಗೇನು ಭಯ ಅಂತ ಅವನು ಕೊಚ್ಚಿಕೊಳ್ಳುತ್ತಾನೆ. ‘ನನ್ನ ಡ್ಯೂಟಿ ಹಗಲು ಮಾರಾಯಾ!’ ಅನ್ನುತ್ತಾನೆ ಸೊಳ್ಳೆ. ಡೆಂಗಿಯ ಸೊಳ್ಳೆ ಹಗಲು ಕಚ್ಚುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ನಾನಂತೂ ಹೇಳಲಾರೆ. ಕಲೆ ಇರಲಿ, ಆದರೆ ಒಂದು ಪ್ರಸಂಗಕ್ಕೆ ಒಂದೇ ವಿಷಯ ಸಾಕು.

ಕೆಲವು ಕೆಲಸ ಮಕ್ಕಳಿಂದ ಮಾಡಿಸಬಾರದು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ಕಾಯ್ದೆ ಇದೆ. ಮಕ್ಕಳು ಹಗ್ಗ ಹಿಡಿದು ಅಳೆದು ನಕ್ಷೆ ಮಾಡಿದರು, ಅಲ್ಲಿಗೆ ಅವರ ಕೆಲಸ ಮುಗಿಯಿತು. ಅಂಗಡಿಯವರ ಹತ್ತಿರ ಮಾತಾಡಿದ್ದು ನಾವು ದೊಡ್ಡವರು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ)ಯವರ ಜೊತೆ ಹೋಗಿ. ಅದೇ ಅಂಗಡಿಯಿಂದ ಮಕ್ಕಳು ದಿನಾ ಹಾಲು, ಪೆನ್ನು ತರಬೇಕಲ್ಲ, ಅವರನ್ನು ಯಾಕೆ ಎದುರಿಗೆ ನಿಲ್ಲಿಸುವುದು?

ಮನಸ್ಸಿನ ವಿಷಯಕ್ಕೂ ಇದೇ ಮಾತು. ಎಸ್ಸೆಸ್ಸೆಲ್ಸಿ ರಿಸಲ್ಟಿನಲ್ಲಿ ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳ ಹೆಸರು ಹೆಚ್ಚಿನ ವರ್ಷ ಮೇಲೆ. ಅದರ ಭಾರ ಹೊರುವವರು ಹತ್ತನೆಯ ಕ್ಲಾಸಿನವರು. ಡಬ್ಬದಲ್ಲಿ ‘ಮಾರ್ಕ್ಸ್ ಕಡಿಮೆ ಬಂದರೆ ಅಪ್ಪ ವಾರಗಟ್ಟಲೆ ಮಾತಾಡುವುದಿಲ್ಲ’ ಅನ್ನುವಂಥ ಚೀಟಿಗಳು ಬರುತ್ತವೆ. ಹಾಗಾಗಿ ಡಬ್ಬದ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ಚೀಟಿಗಳನ್ನು ಮೊದಲು ನಾನೊಬ್ಬಳೇ ಓದುತ್ತೇನೆ. ಮಕ್ಕಳು ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವುದು ಬೇಡ. ಗೆಳೆಯ ತುಂಬಾ ಮಂಕಾಗಿದ್ದರೆ ಅವನ ಜೊತೆ ಕೂರಬೇಕು, ನಂಬುವ ಒಬ್ಬ ದೊಡ್ಡವರಿಗೆ ಹೇಳಬೇಕು, ಅಷ್ಟೇ. ‘ಯಾರಿಗೂ ಹೇಳಬೇಡ’ ಅಂತ ಅವನು ಆಣೆ ಹಾಕಿಸಿಕೊಂಡಿದ್ದರೂ ಹೇಳಬೇಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416, ಮಕ್ಕಳ ಸಹಾಯವಾಣಿ 1098, ಎರಡನ್ನೂ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ನೋಟಿಸ್ ಬೋರ್ಡಿನ ಎದುರು ನಿಂತು ನಂಬರ್ ಬರೆದುಕೊಳ್ಳುವ ಧೈರ್ಯ ಯಾರಿಗೂ ಇರುವುದಿಲ್ಲ.

ಈ ವರ್ಷ ಸಂಘಕ್ಕೆ ಬಂದಿರುವ ಎಂಟನೆಯವರು ನಿದ್ದೆಯ ವಿಷಯ ಹಿಡಿದಿದ್ದಾರೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮೊಬೈಲು, ರೀಲ್ಸು ಅಂತ ನಾವು ಮೊದಲೇ ತೀರ್ಪು ಕೊಟ್ಟಾಗಿತ್ತು. ಮಕ್ಕಳು ಕೇಳಿಕೊಂಡು ಬಂದ ಪಟ್ಟಿಯಲ್ಲಿ ರೀಲ್ಸ್ ಇದೆ, ನಿಜ. ಅದರ ಮೇಲೆ ಬೆಳಗಿನ ಟ್ಯೂಷನ್ ಇದೆ, ಅದಕ್ಕೂ ಮೇಲೆ ಏಳು ಗಂಟೆಯ ಸ್ಪೆಷಲ್ ಕ್ಲಾಸ್ ಇದೆ. ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳುವವಳು ನಾನೇ. ಮುಂದಿನ ವಾರ ಸ್ಟಾಫ್ ಮೀಟಿಂಗಿನಲ್ಲಿ ಪಟ್ಟಿ ಓದಿಹೇಳಲು ಹೆಡ್‌ಮೇಷ್ಟ್ರು ಸಂಘದ ಇಬ್ಬರಿಗೆ ಸಮಯ ಕೊಟ್ಟಿದ್ದಾರೆ.