ಮಗಳ ಸ್ಪೆಲ್ಲಿಂಗ್ ಬೀ, ನನ್ನ ಕನ್ನಡದ ಬಾಯಿ

ನನ್ನ ಮಗಳು ಹದಿನಾಲ್ಕಕ್ಕೇ ನಿವೃತ್ತಿಯಾದಳು. ಸ್ಪೆಲ್ಲಿಂಗ್ ಬೀ ಅಂದರೆ ಕೇಳಿದ ಇಂಗ್ಲಿಷ್ ಪದದ ಅಕ್ಷರಗಳನ್ನು ಮಕ್ಕಳು ಒಂದೊಂದಾಗಿ ಬಾಯಲ್ಲಿ ಹೇಳುವ ಸ್ಪರ್ಧೆ. ಅಮೆರಿಕದ ರಾಷ್ಟ್ರಮಟ್ಟದ ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲ್ಲಿಂಗ್ ಬೀಯಲ್ಲಿ ಎಂಟನೇ ಕ್ಲಾಸು ದಾಟಿದವರಿಗೆ ಜಾಗವಿಲ್ಲ. ಅಷ್ಟು ಹೊತ್ತಿಗೆ ಅವಳು ಪ್ರಾದೇಶಿಕ ಸ್ಪರ್ಧೆ ಗೆದ್ದು ರಾಷ್ಟ್ರೀಯ ವೇದಿಕೆ ಹತ್ತಿ ಇಳಿದಿದ್ದಳು. ಕೋಚ್ ಅಂತ ಯಾರೂ ಇರಲಿಲ್ಲ. ಇದ್ದದ್ದು ನಾನೇ.

ಮೊದಲ ವರ್ಷ ಅವಳನ್ನು ಸೋಲಿಸಿದ್ದೂ ನಾನೇ. ಕನ್ನಡ ಮೀಡಿಯಂನಲ್ಲಿ ಓದಿದವಳು ನಾನು. ಕಾಗುಣಿತ ಬಂದರೆ ಮುಗಿಯಿತು, ಕಿವಿಗೆ ಬಿದ್ದದ್ದನ್ನು ಹಾಗೇ ಬರೆಯಬಹುದು, ಅಲ್ವಾ? ಅಡುಗೆಮನೆಯಲ್ಲಿ ನಿಂತು ಅವಳಿಗೆ ಪದ ಹೇಳುವಾಗ ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದೆ. ‘ಸೆ-ಮೆ-ಟೆ-ರಿ’ ಅಂತ ನಾನು ಅಂದರೆ ಅವಳು ಪಟಪಟ ಸರಿಯಾಗಿ ಹೇಳುತ್ತಿದ್ದಳು. ಶಾಲೆಯ ಸ್ಪರ್ಧೆಯಲ್ಲಿ ಅದೇ ಪದ ಬಂತು. ಆದರೆ ಪದ ಓದುವವರು ‘ಸೆಮಟೆರಿ’ ಅಂದರು. ಮಧ್ಯದ ಸ್ವರ ಬಾಯಲ್ಲೇ ಕರಗಿಹೋಗಿತ್ತು. ‘ಸಿ, ಇ, ಎಂ, ಎ...’ ಅಂದಳು. ಅಲ್ಲಿ ಇರಬೇಕಾದದ್ದು ‘ಇ’. ತಪ್ಪಾಯಿತು ಅಂತ ಟಿಂಗ್ ಅಂತ ಗಂಟೆ ಬಾರಿಸಿತು.

ಆ ಕರಗಿದ ಸ್ವರಕ್ಕೆ ಇಂಗ್ಲಿಷಿನಲ್ಲಿ ಷ್ವಾ ಅನ್ನುತ್ತಾರೆ. ಎ, ಇ, ಐ, ಒ, ಯು ಯಾವುದು ಬರೆದಿದ್ದರೂ ಬಾಯಲ್ಲಿ ಬರುವುದು ಅದೇ ಒಂದು ಸಣ್ಣ ‘ಅ’. ಸ್ಪೆಲ್ಲಿಂಗ್ ಬೀಯ ಅರ್ಧ ಗೋಳು ಇದೇ. ನಾನು ಗೊತ್ತಿಲ್ಲದೆ ಅವಳಿಗೆ ದಿನಾ ಉತ್ತರವನ್ನೇ ಹೇಳಿಕೊಡುತ್ತಿದ್ದೆ.

ಅವತ್ತಿನಿಂದ ನಾನು ಪದ ಓದುವುದು ನಿಲ್ಲಿಸಿದೆ. ಸ್ಪರ್ಧೆಗೆ ಆಧಾರ ಮೆರಿಯಂ-ವೆಬ್‌ಸ್ಟರ್ ಅನ್‌ಅಬ್ರಿಜ್ಡ್ ನಿಘಂಟು. ಅದರ ಆನ್‌ಲೈನ್ ಆವೃತ್ತಿಯಲ್ಲಿ ಉಚ್ಚಾರಣೆ ಕೇಳಿಸುತ್ತದೆ. ನಾನು ಬಟನ್ ಒತ್ತುವುದು, ಅವಳು ನಿಂತುಕೊಂಡೇ ಹೇಳುವುದು. ಕೂತು ಹೇಳಿದರೆ ವೇದಿಕೆಯ ಮೇಲೆ ಕಾಲು ನಡುಗುತ್ತದೆ ಅನ್ನುವುದು ನನ್ನ ನಂಬಿಕೆ, ಸುಮ್ನೆ. ಹೋಟೆಲ್ ಕೌಂಟರಿನಲ್ಲಿ ಇಡುತ್ತಾರಲ್ಲ, ಅಂಥದ್ದೊಂದು ಗಂಟೆಯನ್ನೂ ಮೇಜಿನ ಮೇಲೆ ಇಟ್ಟೆ. ಮೊದಲ ದಿನ ಆ ಸದ್ದಿಗೆ ಅತ್ತಳು. ಮೂರನೇ ವಾರಕ್ಕೆ ನನ್ನ ಅಡುಗೆಗೆ ಉಪ್ಪು ಜಾಸ್ತಿಯಾದರೆ ಅವಳೇ ಅದನ್ನು ಬಾರಿಸುತ್ತಿದ್ದಳು.

ಸರಿಯಾದ ಪದಗಳನ್ನು ನಾವು ಬರೆದಿಡಲಿಲ್ಲ. ತಪ್ಪಿದ್ದಕ್ಕೆ ಮಾತ್ರ ಒಂದು ನೋಟ್‌ಬುಕ್, ಪದ ಇಂಗ್ಲಿಷಿಗೆ ಯಾವ ಭಾಷೆಯಿಂದ ಬಂತೋ ಆ ಭಾಷೆಗೊಂದು ಭಾಗ. ಗ್ರೀಕ್ ಆದರೆ ‘ಫ್’ ಸದ್ದಿಗೆ ಪಿ-ಎಚ್, ‘ಕ್’ ಸದ್ದಿಗೆ ಸಿ-ಎಚ್ ಇರಬಹುದು. ಫ್ರೆಂಚ್ ಆದರೆ ಕೊನೆಯ ‘ಓ’ ಸದ್ದಿನ ಹಿಂದೆ ಇ-ಎ-ಯು ಅಡಗಿರಬಹುದು. ಜನರ ಹೆಸರಿನಿಂದ ಹುಟ್ಟಿದ ಪದಗಳಿಗೇ ಬೇರೆ ಭಾಗ. 2021ರಲ್ಲಿ ಝೈಲಾ ಅವಾಂಟ್-ಗಾರ್ಡ್ ಅನ್ನುವ ಹುಡುಗಿ ಇದೇ ರಾಷ್ಟ್ರೀಯ ಸ್ಪರ್ಧೆಯನ್ನು ಗೆದ್ದ ಪದ ‘ಮುರ್ರಯಾ’, ಅದು ಆ ಭಾಗದ ಮೊದಲ ಸಾಲು. ನಮ್ಮ ಒಗ್ಗರಣೆಯ ಕರಿಬೇವಿಗೆ ಸಸ್ಯಶಾಸ್ತ್ರದವರು ಕೊಟ್ಟ ಹೆಸರಿನಲ್ಲೂ ಅದೇ ಪದವಿದೆ ಅಂತ ಗೊತ್ತಾದ ಮೇಲೆ ಅವಳು ಅದನ್ನು ಮರೆಯಲಿಲ್ಲ.

ಭಾರತದಿಂದ ಹೋದ ಪದಗಳು ಸುಲಭ ಅಂದುಕೊಂಡಿದ್ದೆವು. ಜಾಸ್ತಿ ತಪ್ಪಿದ್ದು ಅಲ್ಲೇ! ತಮಿಳಿನ ಮೆಣಸಿನ ನೀರು ‘ಮಿಳಗು ತಣ್ಣಿ’ ಇಂಗ್ಲಿಷಿಗೆ ಹೋಗಿ ‘ಮಲ್ಲಿಗಟಾನಿ’ ಆಗಿದೆ. ಎಂ-ಯು, ಎರಡು ಎಲ್, ಕೊನೆಗೆ ಎ-ಡಬ್ಲ್ಯೂ-ಎನ್-ವೈ. ಇಂಗ್ಲಿಷರು ತಮಗೆ ಕೇಳಿಸಿದ್ದನ್ನು ಬರೆದುಕೊಂಡರು, ನಾವು ಹೇಳಿದ್ದನ್ನಲ್ಲ.

ಶಾಲೆಯ ದಿನಗಳಲ್ಲಿ ದಿನಕ್ಕೆ ಒಂದು ಗಂಟೆ ಅಭ್ಯಾಸ, ಪ್ರಾದೇಶಿಕ ಸ್ಪರ್ಧೆ ಹತ್ತಿರ ಬಂದಾಗ ಮೂರು ಗಂಟೆ. ಈಜು ಬಿಟ್ಟಳು. ಗೆಳತಿಯರ ಹುಟ್ಟುಹಬ್ಬಗಳಿಗೆ ಹೋಗುವುದು ಕಡಿಮೆಯಾಯಿತು. ಈಜು ಬಿಡಿಸಬಾರದಿತ್ತು ಅಂತ ಈಗಲೂ ನನಗೆ ಅನ್ನಿಸುತ್ತದೆ.

ಎಂಟನೇ ಕ್ಲಾಸಿನಲ್ಲಿ ಪ್ರಾದೇಶಿಕ ಸ್ಪರ್ಧೆ ಗೆದ್ದಳು. ರಾಷ್ಟ್ರೀಯ ಸ್ಪರ್ಧೆಗೆ ಮೇರಿಲ್ಯಾಂಡಿನ ನ್ಯಾಷನಲ್ ಹಾರ್ಬರ್‌ಗೆ ಹೋದೆವು. ಅಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಲ್ಲರ ಕೊರಳಲ್ಲೂ ನಂಬರಿನ ಫಲಕ. ಮೊದಲ ಸುತ್ತಿನ ಪದ ಸಲೀಸಾಗಿ ಹೇಳಿದಳು. ಎರಡನೇ ಸುತ್ತಿನಲ್ಲಿ ಸ್ಪೆಲ್ಲಿಂಗ್ ಇಲ್ಲ. ಪದದ ಅರ್ಥ ಕೇಳಿ ಮೂರು ಆಯ್ಕೆ ಕೊಡುತ್ತಾರೆ. ವೇದಿಕೆಯ ಮೇಲೆ ಅರ್ಥ ಕೇಳುವ ಸುತ್ತು 2021ರಿಂದಲೇ ಇದೆ, ನನಗೂ ಗೊತ್ತಿತ್ತು. ಆದರೂ ನಾನು ಅಕ್ಷರಗಳ ಹಿಂದೆಯೇ ಬಿದ್ದಿದ್ದೆ. ಅವತ್ತು ಬಂದ ಪದದ ಸ್ಪೆಲ್ಲಿಂಗ್ ಅವಳಿಗೆ ನಿದ್ದೆಯಲ್ಲೂ ಬರುತ್ತಿತ್ತು. ಅರ್ಥ ಬರಲಿಲ್ಲ. ಗಂಟೆ ಬಾರಿಸಿತು. ಅವಳು ಅಳಲಿಲ್ಲ. ನಾನು ಅತ್ತೆ.

2025ರ ಫೈನಲ್ ಅನ್ನು ಮನೆಯಲ್ಲೇ ಟಿವಿಯಲ್ಲಿ ನೋಡಿದೆವು. ಸ್ಪರ್ಧಿ ಹುಡುಗ ಫೈಝಾನ್ ಝಾಕಿ ‘ಕಾಮೆಲೈನಾ’ ಪದಕ್ಕೆ ಒಂದು ಪ್ರಶ್ನೆಯನ್ನೂ ಕೇಳದೆ ಅಕ್ಷರ ಹೇಳಲು ಶುರುಮಾಡಿಬಿಟ್ಟ. ‘ಕೇಳೋ! ಯಾವ ಭಾಷೆ ಅಂತ ಕೇಳೋ!’ ಮಗಳು ಸೋಫಾದಿಂದ ಎದ್ದು ಕಿರುಚಿದಳು. ಬಾಯಿಂದ ಹೊರಬಿದ್ದ ಅಕ್ಷರವನ್ನು ಬದಲಿಸುವಂತಿಲ್ಲ. ಎಡವಿದ. ಉಳಿದಿದ್ದ ಇನ್ನಿಬ್ಬರೂ ಎಡವಿದ್ದರಿಂದ ಬಚಾವಾದ. ಕೊನೆಗೆ ‘ಎಕ್ಲೇರ್‌ಸೀಸ್‌ಮಾನ್’ ಅನ್ನುವ ಫ್ರೆಂಚ್ ಪದ ಹೇಳಿ ಗೆದ್ದ.

ಪರದೆಯ ಮೇಲೆ ಆ ಪದ ಬಂತು. ‘ಅಮ್ಮಾ, ಅದನ್ನ ಓದು ನೋಡೋಣ’ ಅಂದಳು.

ಒಂದಕ್ಷರವನ್ನೂ ಬಿಡದೆ ಓದಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.