ಕಾಕ್‌ಪಿಟ್ ಕೆಳಗಿನ ಹೆಸರನ್ನು ಓದುವ ಬಗೆ

ಎರಡನೇ ಮಹಾಯುದ್ಧದ ಅಮೆರಿಕನ್ ನೌಕಾ ವಿಮಾನದ ಫೋಟೊ ಕೈಗೆ ಬಂದಾಗ ಕಾಕ್‌ಪಿಟ್ ಕೆಳಗೆ ಬರೆದ ಹೆಸರನ್ನು, ಅದು ಪೈಲಟ್‌ನದಿರಲಿ ವಿಮಾನದ್ದಿರಲಿ, ನಾನು ಕೊನೆಗೆ ಓದುತ್ತೇನೆ. ಒಮ್ಮೆ ಹೆಸರು ತಲೆಯಲ್ಲಿ ಕೂತರೆ ಮಸುಕು ಗೆರೆಗಳಲ್ಲೂ ಅದೇ ಅಕ್ಷರ ಕಾಣತೊಡಗುತ್ತದೆ.

ಮೊದಲು ಕಾಲ ಗೊತ್ತುಮಾಡಬೇಕು. ವಿಮಾನದ ಮೇಲಿನ ರಾಷ್ಟ್ರೀಯ ಗುರುತಾದ ನಕ್ಷತ್ರದ ನಡುವೆ ಕೆಂಪು ಬೊಟ್ಟಿದ್ದರೆ ಆ ಗುರುತು 1942ರ ಮೇಗಿಂತ ಹಳೆಯದು. ಜಪಾನಿನ ಕೆಂಪು ಸೂರ್ಯನೆಂದು ಗಲಿಬಿಲಿಯಾಗಿ ತಮ್ಮವರ ಮೇಲೇ ಗುಂಡು ಹಾರಬಾರದೆಂದು ಅದನ್ನು ತೆಗೆದರು. ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂದದ್ದು 1943ರ ಜೂನ್ ಕೊನೆಗೆ. ಆಗಸ್ಟ್‌ನಲ್ಲಿ ಅಂಚು ನೀಲಿಯಾಯಿತು. ಆದೇಶ ಬಂದ ದಿನವೇ ಎಲ್ಲ ಕಡೆ ಬಣ್ಣ ಬಳಿಯಲಿಲ್ಲವಾದ್ದರಿಂದ ಈ ತಾರೀಕುಗಳನ್ನು 'ಇದಕ್ಕಿಂತ ಮುಂಚಿನದಲ್ಲ' ಎಂದಷ್ಟೇ ಬಳಸುತ್ತೇನೆ. ಫಿಲ್ಮ್ ಯಾವುದೆಂದೂ ನೋಡಬೇಕು. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ, ಅದು ಕಪ್ಪಾಗಿ ಬೀಳುತ್ತದೆ. ಕಡುನೀಲಿ ಮೈಮೇಲೆ ಕೆಂಪಿನಲ್ಲಿ ಬರೆದ ಹೆಸರು ಇಂಥ ಫೋಟೊದಲ್ಲಿ ಇಲ್ಲವೇ ಇಲ್ಲವೆನಿಸಬಹುದು.

ಆಮೇಲೆ ವಿಮಾನದ ಬ್ಯೂರೊ ನಂಬರು, ಅಂದರೆ ನೌಕಾಪಡೆ ಪ್ರತಿ ವಿಮಾನಕ್ಕೂ ಕೊಡುವ ಕ್ರಮಸಂಖ್ಯೆ. ಬಾಲದ ಮೇಲೆ ಸುಮಾರು ಒಂದಿಂಚು ಎತ್ತರದ ಅಂಕಿಗಳಲ್ಲಿ ಇರುತ್ತದೆ. ಮೈಮೇಲಿನ ದೊಡ್ಡ ನಂಬರನ್ನು ಒಂದು ವಿಮಾನದಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದರು, ಬ್ಯೂರೊ ನಂಬರು ಬದಲಾಗುವುದಿಲ್ಲ. ಇದು ಸಿಕ್ಕರೆ ಪೈಲಟ್‌ಗಳ ಲಾಗ್‌ಬುಕ್ (ಹಾರಾಟದ ದಾಖಲೆ ಪುಸ್ತಕ) ಜೊತೆ ತಾಳೆ ನೋಡಬಹುದು.

ಇಲ್ಲಿ ಎಡವುವವರೇ ಹೆಚ್ಚು. ವಿಮಾನವಾಹಕ ಹಡಗಿನ ಡೆಕ್ ಮೇಲೆ ಪೈಲಟ್‌ಗೆ ಆ ಹೊತ್ತಿಗೆ ಸಿದ್ಧವಿದ್ದ ವಿಮಾನ ಸಿಗುತ್ತಿತ್ತು, 'ತನ್ನದು' ಸಿಗುವ ಖಾತ್ರಿಯಿರಲಿಲ್ಲ. ನೌಕಾಪಡೆಯ ಪೈಲಟ್ ಬುಚ್ ಒ'ಹೇರ್ 1942ರ ಫೆಬ್ರುವರಿ 20ರಂದು ಕಾದಾಡಿದ್ದು ಮೈಮೇಲೆ ಎಫ್-15 ಎಂದು ನಂಬರಿದ್ದ ವೈಲ್ಡ್‌ಕ್ಯಾಟ್ ಯುದ್ಧವಿಮಾನದಲ್ಲಿ, ಬ್ಯೂರೊ ನಂಬರು 4031. ಅವರ ಹೆಸರಿನ ಜೊತೆ ಎಲ್ಲೆಡೆ ಕಾಣುವ ಫೋಟೊ ಏಪ್ರಿಲ್‌ನದು, ವಿಮಾನ ಎಫ್-13. ಮರೀನ್ ಪಡೆಯ ಪೈಲಟ್ ಪ್ಯಾಪಿ ಬಾಯಿಂಗ್ಟನ್ ಅವರ 86ನೇ ನಂಬರಿನ ಕೊರ್ಸೇರ್ ಯುದ್ಧವಿಮಾನ ಕೂಡ ಪತ್ರಿಕೆಯವರಿಗಾಗಿ ಸಜ್ಜುಮಾಡಿದ ವಿಮಾನ. ಹೆಸರು ಬರೆದಿದೆ ಎಂದ ಮಾತ್ರಕ್ಕೆ ಅದರಲ್ಲೇ ಯುದ್ಧಕ್ಕೆ ಹೋದರು ಎಂದಾಗುವುದಿಲ್ಲ.

ಆ ಕೊರ್ಸೇರ್ ಮೇಲಿನ ಇನ್ನೊಂದು ಹೆಸರು ಬಹಳ ಕಾಲ 'ಲುಲುಬೆಲ್' (Lulubelle) ಎಂದೇ ಮಾಡೆಲ್ ಕಿಟ್‌ಗಳಲ್ಲಿ ಬಂತು. ಒಳ್ಳೆಯ ಪ್ರಿಂಟ್ ನೋಡಿದವರು ಅದನ್ನು 'ಲೂಸಿಬೆಲ್' (Lucybelle) ಎಂದು ಓದುತ್ತಾರೆ. ಇಂಥ ಕಡೆ ನಾನು ಅಕ್ಷರ ಊಹಿಸದೆ ಗೆರೆಗಳ ಆಕಾರ ಅಳೆಯುತ್ತೇನೆ. ಟ್ರೇಸಿಂಗ್ ಹಾಳೆಯಲ್ಲಿ ಎರಡು ಅಡ್ಡಗೆರೆ: ಒಂದು ಅಕ್ಷರಗಳ ಬುಡಕ್ಕೆ, ಒಂದು ಗಿಡ್ಡ ಅಕ್ಷರಗಳ ತಲೆಗೆ. ಸಣ್ಣಕ್ಷರದ 'ಎಲ್' ಮೇಲಿನ ಗೆರೆ ದಾಟುತ್ತದೆ, 'ಸಿ' ದಾಟುವುದಿಲ್ಲ. 'ವೈ' ಬಾಲ ಕೆಳಗಿನ ಗೆರೆಯಿಂದ ಇಳಿಯುತ್ತದೆ, 'ಯು'ಗೆ ಬಾಲವಿಲ್ಲ. ಮೂರು, ನಾಲ್ಕನೆಯ ಅಕ್ಷರಗಳ ಮೇಲೆ ಈ ಎರಡು ಪರೀಕ್ಷೆ ಮಾಡಿದರೆ ವಾದ ಮುಗಿಯುತ್ತದೆ.

ಸ್ಕ್ಯಾನ್: ಎಂಟು-ಹತ್ತು ಇಂಚಿನ ಪ್ರಿಂಟಾದರೆ 1200 ಡಿಪಿಐ, 16 ಬಿಟ್ ಗ್ರೇಸ್ಕೇಲ್, ಟಿಫ್ ಫೈಲ್. ಜೆಪೆಗ್ ಮಾಡಿದರೆ ಅಂಚುಗಳ ಸುತ್ತ ಚೌಕಳಿ ಎದ್ದು ಇಲ್ಲದ ಗೆರೆ ಹುಟ್ಟುತ್ತದೆ. ಶಾರ್ಪನ್ ಮಾಡುವುದೇ ಇಲ್ಲ, ಹೆಸರಿರುವ ಭಾಗದಲ್ಲಿ ಮಾತ್ರ ಕರ್ವ್ಸ್ (ಬೆಳಕು-ನೆರಳು ಹೊಂದಿಸುವ ಸಾಧನ) ಎಳೆಯುತ್ತೇನೆ. ಎಐ ಅಪ್‌ಸ್ಕೇಲ್ ಬೇಡವೇ ಬೇಡ. ಅದು ಅಕ್ಷರವನ್ನು ತಾನೇ ಸೃಷ್ಟಿಸಿ ಕೊಡುತ್ತದೆ. ಪತ್ರಿಕೆಯಿಂದ ತೆಗೆದ ಚಿತ್ರದಲ್ಲಿ ಅಕ್ಷರದ ಎತ್ತರ ನಾಲ್ಕೈದು ಮುದ್ರಣ ಚುಕ್ಕೆಗಳಿಗಿಂತ ಕಡಿಮೆಯಿದ್ದರೆ ಓದುವ ಪ್ರಯತ್ನವನ್ನೇ ಬಿಡುತ್ತೇನೆ. ನೆಗೆಟಿವ್ ತಿರುಗಿಬಿದ್ದಿದೆಯೇ ಎಂದೂ ನೋಡಿ. ನಕ್ಷತ್ರ-ಪಟ್ಟಿ ಗುರುತು ಕನ್ನಡಿಯಲ್ಲೂ ಹಾಗೇ ಕಾಣುವುದರಿಂದ ಅದು ಸುಳಿವು ಕೊಡದು. ಪಕ್ಕದಲ್ಲಿ ನಿಂತವರ ಅಂಗಿ ನೋಡಿ: ಗಂಡಸರ ಅಂಗಿಯಲ್ಲಿ ಅವರ ಎಡ ಅಂಚು ಮೇಲಿರುತ್ತದೆ.

ಹೆಸರಿನ ಪಕ್ಕದಲ್ಲಿ, ಬೀಳಿಸಿದ ವಿಮಾನಕ್ಕೊಂದರಂತೆ ಬರೆದ ಪುಟ್ಟ ಧ್ವಜಗಳನ್ನು ತಪ್ಪದೆ ಎಣಿಸುತ್ತೇನೆ. ನೌಕಾಪಡೆಯ ಪೈಲಟ್ ಡೇವಿಡ್ ಮೆಕ್‌ಕ್ಯಾಂಪ್‌ಬೆಲ್ ಅವರ ಹೆಲ್‌ಕ್ಯಾಟ್ ಯುದ್ಧವಿಮಾನ 'ಮಿನ್ಸಿ III'ರಲ್ಲಿ 30 ಧ್ವಜ ಕಂಡರೆ ಫೋಟೊ 1944ರ ಅಕ್ಟೋಬರ್ 24ರ ಆಚೆಯದು. ಆ ಒಂದೇ ದಿನ ಒಂಬತ್ತು ವಿಮಾನ ಬೀಳಿಸಿ ಅವರ ಲೆಕ್ಕ 21ರಿಂದ 30ಕ್ಕೇರಿತ್ತು, ಕೊನೆಗೆ 34. 'ಮಿನ್ಸಿ' ಎಂಬ ಹೆಸರು ಮೂರು ವಿಮಾನಗಳ ಮೇಲಿತ್ತು, ಆದ್ದರಿಂದ ಹೆಸರಿನ ಕೊನೆಯ ರೋಮನ್ ಅಂಕಿ ಬಿಟ್ಟರೆ ಗುರುತೇ ಕೆಡುತ್ತದೆ.

ಪಟ್ಟಿಗೆ ಸೇರಿಸುವಾಗ ಕಂಡ ಅಕ್ಷರವನ್ನು ಕಂಡಂತೆ ಬರೆದು, ಕಾಣದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಬರೆದ ಹೆಸರಿಗೆ ಒಂದು ಕಾಲಂ, ಆ ದಿನ ಹಾರಿಸಿದವರಿಗೆ ಬೇರೆಯೇ ಕಾಲಂ. ಎರಡನೆಯದು ಲಾಗ್‌ಬುಕ್ ಸಿಗುವವರೆಗೆ ಖಾಲಿ.