ಇಡೀ ಲೋಕ ಬೇಡ, ಒಂದೂರು ಸಾಕು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಲು ಮೊದಲ ಸಲ ಕೂತ ದಿನ ನಾನು ಇಪ್ಪತ್ತು ನಿಮಿಷ ಆಟದ ಲೋಕದ ಇತಿಹಾಸ ಓದಿ ಹೇಳಿದೆ. ಮಾಯಾವಿದ್ಯೆಯ ದೇವತೆ ಯಾವಾಗ ಸತ್ತಳು, ನೆವರ್‌ವಿಂಟರ್ ಪಟ್ಟಣ ಯಾರ ಕೈಯಲ್ಲಿದೆ, ಎಲ್ಲ. ತಲೆಯೆತ್ತಿ ನೋಡಿದರೆ ನಾಲ್ವರಲ್ಲಿ ಇಬ್ಬರು ಮೊಬೈಲ್‌ನಲ್ಲಿದ್ದರು, ಒಬ್ಬ ಚಕ್ಕುಲಿ ಡಬ್ಬಿ ತೆಗೆದಿದ್ದ. ನಾಲ್ಕನೆಯವಳು ಮಾತ್ರ ಗಮನವಿಟ್ಟು ಕೇಳುತ್ತಿದ್ದಳು, ನನ್ನ ತಪ್ಪು ಹಿಡಿಯಲು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಡಂಜನ್ ಮಾಸ್ಟರ್, ಅಂದರೆ ಡಿಎಂ: ಲೋಕವನ್ನು ಬಣ್ಣಿಸುವವರು. ಉಳಿದವರು ಒಂದೊಂದು ಪಾತ್ರ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ತಾಳಮದ್ದಳೆ ಕೇಳಿದವರಿಗೆ ಬೇಗ ಹಿಡಿಸುತ್ತದೆ: ಪ್ರಸಂಗ ಎಲ್ಲರಿಗೂ ಗೊತ್ತು, ಮಾತು ಆ ರಾತ್ರಿಯದು. ಆದರೆ ಅಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಗೆ ಸಾಯಲೇಬೇಕು. ಇಲ್ಲಿ ದಾಳ ಒಲಿದರೆ ಬದುಕಿಬಿಡಬಹುದು.

ನಾನು ಆಡಿಸುವುದು ಫರ್ಗಾಟನ್ ರೆಲ್ಮ್ಸ್‌ನಲ್ಲಿ. ಕೆನಡಾದ ಎಡ್ ಗ್ರೀನ್‌ವುಡ್ 1960ರ ದಶಕದಲ್ಲಿ, ಇನ್ನೂ ಹುಡುಗನಾಗಿದ್ದಾಗ, ತಮ್ಮ ಕಥೆಗಳಿಗೆಂದು ಕಟ್ಟಿಕೊಂಡ ಲೋಕವಿದು. 1987ರಲ್ಲಿ ಟಿಎಸ್‌ಆರ್ ಕಂಪನಿ ಆಟದ ಪೆಟ್ಟಿಗೆಯಾಗಿ ಹೊರತಂದಿತು. ಅಲ್ಲಿಂದೀಚೆಗೆ ಬಂದ ಪುಸ್ತಕ, ಕಾದಂಬರಿ, ವಿಡಿಯೊ ಗೇಮ್‌ಗಳನ್ನು ರಾಶಿ ಹಾಕಿದರೆ ಒಂದು ಕೋಣೆ ತುಂಬೀತು. ಅದನ್ನೆಲ್ಲ ಓದಿ ಮುಗಿಸಿ ಆಟ ಶುರು ಮಾಡುತ್ತೇನೆ ಎಂದವರು ಇನ್ನೂ ಓದುತ್ತಲೇ ಇದ್ದಾರೆ.

ಮೊದಲು ಊರು, ಆಮೇಲೆ ವರ್ಷ

ನಕ್ಷೆ ಬಿಡಿಸಿದಾಗ ಕಣ್ಣು ವಾಟರ್‌ಡೀಪ್‌ನಂಥ ಮಹಾನಗರದ ಮೇಲೆ ಹೋಗುತ್ತದೆ. ಬೇಡ. ಒಂದೇ ಸಂಜೆಯಲ್ಲಿ ಆಟಗಾರರು ಹತ್ತು ಅಂಗಡಿ ಹೊಕ್ಕರೆ ನೀವು ಹತ್ತು ಅಂಗಡಿಯವರನ್ನು ಹುಟ್ಟಿಸಬೇಕು. ನಾನು ಆರಿಸಿದ್ದು ಫ್ಯಾಂಡಲಿನ್. ನೆವರ್‌ವಿಂಟರ್‌ನ ಆಗ್ನೇಯಕ್ಕಿರುವ ಗಣಿ ಊರು. ಶತಮಾನಗಳ ಹಿಂದೆ ಓರ್ಕ್ ಎಂಬ ರಕ್ಕಸರು ಹಾಳುಗೆಡವಿದ ಹಳೆಯ ಊರಿನ ಅವಶೇಷಗಳ ನಡುವೆ ಹೊಸಬರು ಬಂದು ಮನೆ ಕಟ್ಟುತ್ತಿದ್ದಾರೆ. ಹೊಸಬರಿಗೆಂದು ಬಂದ 2014ರ ಸ್ಟಾರ್ಟರ್ ಸೆಟ್‌ನ ಕಥೆ ನಡೆಯುವುದೂ ಇಲ್ಲೇ. ಒಂದು ಛತ್ರ, ಒಂದು ದಿನಸಿ ಅಂಗಡಿ, ಒಂದು ಪುಟ್ಟ ಗುಡಿ. ಊರಿನವರೇ ಹೊಸಬರಾದ್ದರಿಂದ ನಿಮ್ಮ ಆಟಗಾರರಿಗೆ ಏನೂ ಗೊತ್ತಿಲ್ಲದಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ.

ಆಮೇಲೆ ಒಂದು ವರ್ಷವನ್ನು ಗಟ್ಟಿ ಮಾಡಿ. ನಮ್ಮ ಆಟ ಶುರುವಾದದ್ದು ಅಲ್ಲಿನ ಡೇಲ್‌ರೆಕನಿಂಗ್ ಲೆಕ್ಕದ 1491ರಲ್ಲಿ. ಅದರಾಚೆಗೆ ಪುಸ್ತಕಗಳು ಏನೇ ಹೇಳಿರಲಿ, ನಮ್ಮ ಮೇಜಿನಲ್ಲಿ ಅದು ಇನ್ನೂ ನಡೆದಿಲ್ಲ.

ಆಟಕ್ಕೆ ಮುಂಚಿನ ಮಾತುಕತೆ

ಇದಕ್ಕೆ ಸೆಷನ್ ಝೀರೋ ಎನ್ನುತ್ತಾರೆ. ಯಾವ ವಿಷಯ ಕಥೆಯಲ್ಲಿ ಬರಬಾರದು, ವಾರಕ್ಕೆ ಎಷ್ಟು ಹೊತ್ತು ಎಂಬ ಮಾಮೂಲಿ ಮಾತುಗಳ ಜೊತೆ ಇನ್ನೊಂದನ್ನೂ ಇತ್ಯರ್ಥ ಮಾಡಿಕೊಳ್ಳಿ: ಪುಸ್ತಕಕ್ಕೂ ಡಿಎಂ ಮಾತಿಗೂ ತಾಳೆಯಾಗದಿದ್ದರೆ ಯಾವುದು ನಿಜ? ಡಿಎಂ ಮಾತೇ ನಿಜ ಎಂದು ಎಲ್ಲರ ಬಾಯಲ್ಲೂ ಹೇಳಿಸಿ. ಆಟದ ಈಗಿನ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್‌ನವರೇ 2021ರಲ್ಲಿ ತಮ್ಮ ಹಳೆಯ ಕಾದಂಬರಿ, ವಿಡಿಯೊ ಗೇಮ್‌ಗಳು ಆಟಕ್ಕೆ ಪ್ರಮಾಣವಲ್ಲ, 2014ರಿಂದೀಚಿನ ಐದನೇ ಆವೃತ್ತಿಯ ಆಟದ ಪುಸ್ತಕಗಳಷ್ಟೇ ಲೆಕ್ಕ ಎಂದುಬಿಟ್ಟಿದ್ದಾರೆ.

ಆ ನಾಲ್ಕನೆಯವಳ ಕಥೆ? ಕಾದಂಬರಿಗಳನ್ನೆಲ್ಲ ಓದಿದವಳು. ಎರಡು ವಾರ ನನ್ನನ್ನು ತಿದ್ದಿದಳು. ಮೂರನೇ ವಾರ ಅವಳ ಪಾತ್ರವನ್ನು ಊರೂರು ಅಲೆಯುವ ಹಾಡುಗಾರ್ತಿ ಮಾಡಿದೆವು. ಈಗ ಹಳೆಯ ಗೋರಿ ಸಿಕ್ಕಾಗ ನಾನು ಸುಮ್ಮನೆ ಅವಳ ಕಡೆ ನೋಡುತ್ತೇನೆ, "ನಿನಗೆ ಗೊತ್ತಿರಬೇಕಲ್ಲ?" ಅವಳು ಹೇಳಿದ್ದು ಅರ್ಧ ಪುಸ್ತಕದ್ದು, ಅರ್ಧ ಅವಳದೇ. ಯಾವುದು ಯಾವುದೆಂದು ನಾನು ಕೇಳುವುದಿಲ್ಲ.

ಇತಿಹಾಸವನ್ನು ಪಾತ್ರಗಳ ವಯಸ್ಸಿಗೆ ಕಟ್ಟಿ

ನನಗೆ ತೀರಾ ತಡವಾಗಿ ಹೊಳೆದದ್ದು ಇದು. ಇಸವಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ, ವಯಸ್ಸು ಹೇಳಿದರೆ ಇರುತ್ತದೆ. 1451ರಲ್ಲಿ ಹೋಟೆನೋ ಪರ್ವತ ಬೆಂಕಿ ಕಾರಿ ನೆವರ್‌ವಿಂಟರ್ ನಾಶವಾಯಿತು. ನಮ್ಮ 1491ಕ್ಕೆ ಅದು ನಲವತ್ತು ವರ್ಷದ ಹಿಂದಿನ ಮಾತು. ಹಾಗಾದರೆ ಛತ್ರದ ಮೂಲೆಯಲ್ಲಿ ಮೀನು ಮಾರುವ ಅರವತ್ತರ ಮುದುಕಿ ಆಗ ಇಪ್ಪತ್ತರ ಹೆಂಗಸು. ನಮ್ಮ ಆಟದಲ್ಲಿ ಅವಳು ಒಲೆಯ ಹತ್ತಿರ ಕೂರುವುದೇ ಇಲ್ಲ. ಯಾಕೆಂದು ಆಟಗಾರರು ಕೇಳಿದರು. ಉತ್ತರ ಎರಡೇ ವಾಕ್ಯ. ಅಂದಿನಿಂದ ಹೋಟೆನೋ ಹೆಸರು ಯಾರೂ ಮರೆತಿಲ್ಲ.

ಎಲ್ಫ್, ಅಂದರೆ ದೀರ್ಘಾಯುಷಿ ಕಿನ್ನರರಂಥವರ ಪಾತ್ರ, ಆಡುವವರಿದ್ದರೆ ಇನ್ನೂ ಸುಲಭ. ಐದನೇ ಆವೃತ್ತಿಯ ಪ್ರಕಾರ ಎಲ್ಫ್‌ಗಳು 750 ವರ್ಷದವರೆಗೂ ಬದುಕಬಲ್ಲರು. 1385ರಲ್ಲಿ ಮಾಯಾವಿದ್ಯೆಯೇ ಹುಚ್ಚೆದ್ದ ಸ್ಪೆಲ್‌ಪ್ಲೇಗ್ ಆಯಿತಲ್ಲ, ನೂರಮೂವತ್ತರ ಎಲ್ಫ್‌ಗೆ ಅದು ಕಣ್ಣಾರೆ ಕಂಡದ್ದು. ಆಟಗಾರನನ್ನೇ ಕೇಳಿ: ಆ ದಿನ ನೀನೆಲ್ಲಿದ್ದೆ?

ದುಡ್ಡು, ದಿನ, ಮಾತು

ಲೋಕ ನಿಜವೆನಿಸುವುದು ರಾಜವಂಶಗಳಿಂದಲ್ಲ, ಚಿಲ್ಲರೆಯಿಂದ. ಹತ್ತು ತಾಮ್ರಕ್ಕೆ ಒಂದು ಬೆಳ್ಳಿ, ಹತ್ತು ಬೆಳ್ಳಿಗೆ ಒಂದು ಚಿನ್ನ. 2014ರ ನಿಯಮಪುಸ್ತಕದಲ್ಲಿ ಕೂಲಿಯಾಳಿಗೆ ದಿನಕ್ಕೆ ಎರಡು ಬೆಳ್ಳಿ, ಒಂದು ಲೋಟ ಏಲ್ ಬಿಯರ್‌ಗೆ ನಾಲ್ಕು ತಾಮ್ರ, ಸಾಧಾರಣ ಕೋಣೆಗೆ ರಾತ್ರಿಗೆ ಐದು ಬೆಳ್ಳಿ. ನಿಮ್ಮ ವೀರರು ಗಾಬ್ಲಿನ್ ಎಂಬ ಕುಳ್ಳ ರಕ್ಕಸರ ಗುಹೆಯಿಂದ ಐವತ್ತು ಚಿನ್ನ ತಂದು ಛತ್ರದ ಮೇಜಿನ ಮೇಲೆ ಸುರಿದರೆ ಅದು ಒಬ್ಬ ಕೂಲಿಯ 250 ದಿನದ ದುಡಿಮೆ. ಮಾತು ನಿಲ್ಲಲಿ. ಪಕ್ಕದ ಮೇಜಿನವನು ಎದ್ದು ಹೊರಗೆ ಹೋಗಲಿ. ಮುಂದಿನ ವಾರದ ಕಥೆ ಸಿಕ್ಕಿತು.

ಅಲ್ಲಿ ಏಳು ದಿನದ ವಾರವಿಲ್ಲ. ಮೂವತ್ತು ದಿನದ ಹನ್ನೆರಡು ತಿಂಗಳು (ಮಿರ್ಟುಲ್ ಅದರಲ್ಲೊಂದು), ಪ್ರತಿ ತಿಂಗಳಲ್ಲಿ ಹತ್ತು ದಿನದ ಮೂರು "ಟೆನ್‌ಡೇ", ಮೇಲೆ ಐದು ಹಬ್ಬದ ದಿನ. "ಮುಂದಿನ ಟೆನ್‌ಡೇಗೆ ಬಾಕಿ ಕೊಡಿ" ಎಂದು ಅಂಗಡಿಯವಳು ಒಮ್ಮೆ ಅಂದರೆ ಸಾಕು, ವಿವರಣೆ ಬೇಡ.

ಭಾಷೆಯ ವಿಷಯದಲ್ಲಿ ಕನ್ನಡದಲ್ಲಿ ಆಡುವವರ ಕೈಯಲ್ಲೊಂದು ಅಸ್ತ್ರವಿದೆ: ನೀನು, ನೀವು. ಊರ ಯಜಮಾನ ವೀರರನ್ನು ಏಕವಚನದಲ್ಲಿ ಕರೆಯಲಿ, ಸೆರೆಸಿಕ್ಕ ಗಾಬ್ಲಿನ್ ಬಹುವಚನದಲ್ಲಿ. ನಮ್ಮ ಮೇಜಿನಲ್ಲಿ ಆ ಗಾಬ್ಲಿನ್‌ನನ್ನು ಯಾರೂ ಕೊಲ್ಲಲಿಲ್ಲ, "ಬನ್ನಿ, ಕೂತ್ಕೊಳ್ಳಿ" ಅಂದಿತ್ತು ಪಾಪ. ಯಜಮಾನನ ಮೇಲೆ ಮಾತ್ರ ಇವತ್ತಿಗೂ ಸಿಟ್ಟಿದೆ. ಹೆಸರುಗಳನ್ನು ಮಾತ್ರ ಹಾಗೇ ಬಿಡಿ. ವಾಟರ್‌ಡೀಪನ್ನು "ಆಳಜಲಪುರ" ಮಾಡಲು ಹೋಗಿ ನಾನು ನಗೆಪಾಟಲಾಗಿದ್ದೇನೆ.

ದೊಡ್ಡವರನ್ನು ದೂರವಿಡಿ

ಎಲ್ಮಿನ್‌ಸ್ಟರ್ ಎಂಬ ಮಹಾಮಾಂತ್ರಿಕ ಈ ಲೋಕದಲ್ಲಿದ್ದಾನೆ. ಅವನು ಬಂದು ಕೈಬೀಸಿದರೆ ಮೊದಲ ಹಂತದ ನಿಮ್ಮ ಆಟಗಾರರಿಗೆ ಉಳಿಯುವ ಕೆಲಸ ಚಪ್ಪಾಳೆ. ಅಂಥವರು ವದಂತಿಯಲ್ಲಿರಲಿ, ಹಳೆಯ ಕಾಗದದ ಕೊನೆಯ ಸಹಿಯಲ್ಲಿರಲಿ. ಅವನು ಬಂದು ಯಾಕೆ ಸರಿಮಾಡುತ್ತಿಲ್ಲ ಎಂದು ಆಟಗಾರರು ಕೇಳುತ್ತಾರೆ, ಖಂಡಿತ. ಫ್ಯಾಂಡಲಿನ್‌ನ ಕುರಿ ಕಳ್ಳತನ ಅವನ ಕಿವಿಗೆ ಬಿದ್ದಿಲ್ಲ ಎಂದರಾಯಿತು.

ಪ್ರತಿ ಸೆಷನ್ ಮುಗಿದ ಮೇಲೆ, ಅದೇ ರಾತ್ರಿ, ನೋಟ್‌ಬುಕ್‌ನಲ್ಲಿ ಹತ್ತು ಸಾಲು ಬರೆಯಿರಿ: ಯಾರು ಸತ್ತರು, ಯಾರಿಗೆ ಏನು ಮಾತು ಕೊಟ್ಟರು, ನೀವು ಸ್ಥಳದಲ್ಲೇ ಇಟ್ಟ ಹೆಸರೇನು. ಒಂದು ದಿನ ಬಿಟ್ಟರೆ ಮರೆತಿರುತ್ತೀರಿ, ಆಟಗಾರರು ಮರೆತಿರುವುದಿಲ್ಲ. ಮುಂದಿನ ವಾರ ಓದಬೇಕಾದ್ದು ಮೊದಲು ಈ ಹತ್ತು ಸಾಲು, ಆಮೇಲೆ ಅವರು ಹೊರಟಿರುವ ಜಾಗದ ಬಗ್ಗೆ ಪುಸ್ತಕದ ಎರಡು ಪುಟ. ಅಷ್ಟೇ.

ಆರನೇ ಸೆಷನ್‌ನಲ್ಲಿ ನಮ್ಮವರು ಊರಾಚೆಯ ಮರದ ಸೇತುವೆಗೆ ಬೆಂಕಿಯಿಟ್ಟರು. ಆ ಸೇತುವೆ ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಪೆನ್ಸಿಲ್‌ನಲ್ಲಿ ಗೀಚಿದ್ದು. ಈಗ ಅಚ್ಚಾದ ನಕ್ಷೆಯ ಮೇಲೆ, ಪೆನ್ಸಿಲ್ ಗೆರೆಯ ಮೇಲೆ, ಹಾಡುಗಾರ್ತಿ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಾಳೆ: "1491, ಮಿರ್ಟುಲ್ 12. ನಾವಲ್ಲ."